ಕಾಲಿಂದು ಮೊದಲ, ತಲಿದು ಕಡೀಕ

ಒಡವೆಯ ಬಗ್ಗೆ ಬರೆಯುವವರು ಹೊಳಪಿನಿಂದ ಶುರುಮಾಡುತ್ತಾರೆ. ನಾನು ಸಪ್ಪಳದಿಂದ ಶುರುಮಾಡುತ್ತೇನೆ. ಗದಗಿನ ಮಗ್ಗುಲಿಗಿರುವ ನಮ್ಮ ಅಸುಂಡಿಯಲ್ಲಿ, ಮನೆ ಮುಂದಿನ ಕಟ್ಟೆಯ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತವರಿಗೆ, ಓಣಿಯ ತಿರುವಿನಾಚೆ ಬರುತ್ತಿರುವವರು ಯಾರೆಂದು ಮೊದಲು ತಿಳಿಸುತ್ತಿದ್ದದ್ದು ಕಿವಿ. ಎತ್ತಿನ ಕೊರಳಿನ ಗಂಟೆಯದು ಒಂದು ನಾದ, ಹೊಸ ಸೊಸೆಯ ಕಾಲುಚೈನಿನದು ಇನ್ನೊಂದು, ಬಳೆಗಾರನ ಮಲಾರದ್ದು ಮತ್ತೊಂದು. ಇವೆಲ್ಲವನ್ನೂ ಮುಳುಗಿಸಿ, ಕಾಣುವುದಕ್ಕೆ ಎಷ್ಟೋ ಮೊದಲೇ ಝಣಝಣ ಎಂದು ಓಣಿ ತುಂಬುತ್ತಿದ್ದದ್ದು ಲಂಬಾಣಿ ತಾಂಡಾದ ಹೆಂಗಸರ ಬೆಳ್ಳಿ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಉದ್ದಕ್ಕೂ ಮೈಚಾಚಿದ ಕಪ್ಪತ್ತಗುಡ್ಡದ ಸೆರಗಿನ ತಾಂಡಾಗಳಿಂದ ಅವರು ನಸುಕಿನಲ್ಲೇ ಹೊರಟು, ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು, ಸೀತಾಫಲದ ಕಾಲಕ್ಕೆ ಸೀತಾಫಲ, ಬಾರಿಹಣ್ಣಿನ ಕಾಲಕ್ಕೆ ಬಾರಿಹಣ್ಣು ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಹೊರೆಯ ಭಾರ ಹೆಚ್ಚೋ ಮೈಮೇಲಿನ ಬೆಳ್ಳಿಯ ಭಾರ ಹೆಚ್ಚೋ ಎಂಬುದು ನಮ್ಮ ಓಣಿಯ ಹುಡುಗರಲ್ಲಿ ಗಂಭೀರವಾದ ಚರ್ಚೆಯ ವಿಷಯವಾಗಿತ್ತು; ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ನಾವು ಬಹಳ ಉಮೇದಿನಿಂದ ಮಂಡಿಸುತ್ತಿದ್ದೆವು.

ನಮ್ಮ ಹಳೆಯ ಕವಿಗಳು ನಾಯಕಿಯನ್ನು ಕೇಶಾದಿಪಾದಪರ್ಯಂತ ವರ್ಣಿಸುತ್ತಿದ್ದರಲ್ಲ, ಅದೇ ಕ್ರಮದಲ್ಲಿ ನಾನೂ ಹೋಗುತ್ತೇನೆ, ನಿಮಗೆ ಅವಸರವಿಲ್ಲವಷ್ಟೇ? ಕೂದಲಿಗೆ ಸಿಕ್ಕಿಸಿ ಎರಡೂ ಕೆನ್ನೆಯ ಬದಿಗೆ ಗೊಂಚಲಾಗಿ ಇಳಿಬಿಟ್ಟದ್ದು ಘುಗ್ರಿ, ಅದರ ಜೊತೆಯದು ಟೋಪ್ಲಿ; ಇವು ಮದುವೆಯಾದವಳ ಗುರುತು. ಮೂಗಿನಲ್ಲಿ ಭೂರಿಯಾ. ಕೊರಳಿಗೆ ಅಂಟಿಕೊಂಡಂತೆ, ಬಾಗದ ಬೆಳ್ಳಿಯ ಹಾಂಸ್ಲಿ. ಅದರ ಕೆಳಗೆ ರೂಪಾಯಿ, ಪಾವಲಿಗಳಿಗೆ ಕೊಂಡಿ ಬೆಸೆದು ಪೋಣಿಸಿದ ಸರ, ಮಣಿಸರಗಳ ಮೇಲೆ ಮಣಿಸರ. ಮುಂಗೈಯಿಂದ ಮೊಣಕೈವರೆಗೆ ಒತ್ತೊತ್ತಾಗಿ ಬಿಳಿಯ ಬಳೆ. ಮೊಣಕೈಯ ಮೇಲೆ ತೋಳಿನಲ್ಲಿ ಮತ್ತೊಂದು ಸಾಲು. ಈ ತೋಳಿನ ಸಾಲು ಮುತ್ತೈದೆಗೆ ಮಾತ್ರ. ಗಂಡ ತೀರಿಕೊಂಡರೆ ಅದು ಇಳಿಯುತ್ತದೆ. ಬೆರಳುಗಳಿಗೆ ಉಂಗುರ, ಕಾಲಿಗೆ ವಾಂಕ್ಡಿ, ಕಾಲ್ಬೆರಳಿಗೆ ಪಿಲ್ಲಿ. ಇಷ್ಟಾದ ಮೇಲೂ ಬಟ್ಟೆ ಬಡವಾಗಬಾರದೆಂದು ಕಾಂಚಳಿಯೆಂಬ ಕುಪ್ಪಸಕ್ಕೆ ಕನ್ನಡಿ ತುಂಡು, ಫೇಟಿಯಾ ಎಂಬ ಲಂಗಕ್ಕೆ ಕಸೂತಿ, ತಲೆಯ ಮುಸುಕಿನ ಅಂಚಿಗೆ ಪಟ್ಟಿ, ಕೊಡದ ಸಿಂಬಿಗೂ ಕವಡೆ. ಆ ಕವಡೆಗೂ ದೊಡ್ಡ ವಂಶಾವಳಿಯಿದೆ: ಮಾಲ್ದೀವ್ಸ್ ದ್ವೀಪಗಳ ಸಮುದ್ರದಲ್ಲಿ ಹುಟ್ಟಿ, ಶತಮಾನಗಳ ಕಾಲ ಈ ದೇಶದಲ್ಲಿ ಚಿಲ್ಲರೆ ಹಣವಾಗಿ ಓಡಾಡಿ, ನಾಣ್ಯ ಬಂದ ಮೇಲೆ ಚಲಾವಣೆಯಿಂದ ಬಿದ್ದು, ಕಡೆಗೆ ನೀರಿನ ಕೊಡದ ಕೆಳಗೆ ನೆಲೆ ಕಂಡ ಜೀವ ಅದು.

ಗದಗದಿಂದ ಹತ್ತು ಹನ್ನೆರಡು ಕಿಲೋಮೀಟರ್ ಆಚೆ ಲಕ್ಕುಂಡಿ ಇದೆ. ಶಾಲೆಯಿಂದ ನಮ್ಮನ್ನು ಕರೆದುಕೊಂಡು ಹೋದಾಗ ಮಾಸ್ತರರು ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೂ ಕಾಶಿ ವಿಶ್ವೇಶ್ವರನ ಗುಡಿಯ ಬಾಗಿಲುವಾಡದ ಕೆತ್ತನೆಯನ್ನೂ ತೋರಿಸಿ, ಕಲ್ಲಿನ ಮೂರ್ತಿಗಳ ಮೈಮೇಲಿನ ಕಂಠಹಾರ, ಕೇಯೂರ, ಮೇಖಲೆ, ನೂಪುರಗಳನ್ನು ಕೋಲಿನ ತುದಿಯಿಂದ ಒಂದೊಂದಾಗಿ ಹೆಸರಿಸಿದರು. ನಾವು ಬಾಯಿಪಾಠ ಮಾಡಿದೆವು, ಪರೀಕ್ಷೆಯಲ್ಲಿ ಬರೆದೆವು. ಅದೇ ಮಾಸ್ತರರ ಮನೆಗೆ ಕಟ್ಟಿಗೆ ಹಾಕಲು ಬರುತ್ತಿದ್ದವಳ ತೋಳಿನಲ್ಲಿ ಕೇಯೂರವೂ ಕಾಲಿನಲ್ಲಿ ನೂಪುರವೂ ನಡೆದಾಡುತ್ತಲೇ ಇದ್ದವು. ಅವುಗಳ ಹೆಸರನ್ನು ಮಾತ್ರ ಯಾರೂ ನಮಗೆ ಕಲಿಸಲಿಲ್ಲ, ಯಾವ ಪರೀಕ್ಷೆಯೂ ಕೇಳಲಿಲ್ಲ. ಸಾವಿರ ವರ್ಷದ ಹಿಂದಿನ ಕಲ್ಲಿನ ಒಡವೆಗೆ ಇದ್ದ ಮರ್ಯಾದೆ ಕಣ್ಣೆದುರಿನ ಬೆಳ್ಳಿಗೆ ಇರಲಿಲ್ಲವೆಂಬುದು ಈ ವಯಸ್ಸಿನಲ್ಲಿ ನನ್ನನ್ನು ಕಾಡುತ್ತದೆ, ಈ ಬರಹಕ್ಕೂ ಅದೇ ಕಾರಣ.

ಮಾತು ಎಲ್ಲಿಗೋ ಹೋಗುತ್ತಿದೆ, ಹೋಗಲಿ. ಸ್ವಲ್ಪ ದೂರ ಒಮಾನ್‌ವರೆಗೂ ಹೋಗಿಬರೋಣ. ನಮ್ಮ ಓಣಿಯ ಹುಡುಗನೊಬ್ಬ ಅಲ್ಲಿ ಲಾರಿ ಓಡಿಸುತ್ತಾನೆ. ಒಮ್ಮೆ ರಜೆಗೆ ಬಂದಾಗ ಮೊಬೈಲಿನಲ್ಲಿ ಚಿತ್ರ ತೋರಿಸುತ್ತ, "ಕಾಕಾ, ಇದನ್ನ ನೋಡ್ರಿ, ನಮ್ಮ ತಾಂಡಾದವರ ಹಂಗs ಇಲ್ಲೇನು?" ಅಂದ. ಅದು ಮರುಭೂಮಿಯ ಬೆದೂಯಿನ್ ಹೆಣ್ಣುಮಗಳೊಬ್ಬಳ ಚಿತ್ರ. ಎದೆಯ ಮೇಲೆ ಬೆಳ್ಳಿಯ ಬಿಲ್ಲೆಗಳ ಸರ, ಕೈಗೆ ದಪ್ಪ ಕಡಗ, ಕೊರಳಿನಲ್ಲಿ ಸಣ್ಣ ಬೆಳ್ಳಿಯ ಡಬ್ಬಿ. ಆ ಡಬ್ಬಿಗೆ ಅಲ್ಲಿ ಹಿರ್ಜ್ ಅನ್ನುತ್ತಾರೆ, ಒಳಗೆ ಕುರಾನಿನ ವಾಕ್ಯ ಬರೆದ ಚೀಟಿ ಇರುತ್ತದೆ; ನಮ್ಮ ಕಡೆ ತಾಯಿತವೆಂದು ಕಟ್ಟುತ್ತೇವಲ್ಲ, ಅದರದೇ ಬಳಗ. ಅವರಲ್ಲೂ ಹವಳ, ಅಂಬರ್ ಮಣಿ, ಕಣ್ಣೆಸರಿಗೆ ನೀಲಿಮಣಿ. ಇನ್ನೂ ಆಚೆ, ಸಿನಾಯ್ ಮತ್ತು ನೆಗೆವ್ ಮರುಭೂಮಿಗಳಲ್ಲಿ, ಮುಖ ಮುಚ್ಚುವ ಪರದೆಗೇ ನಾಣ್ಯ ಹೊಲಿಯುತ್ತಿದ್ದರು. ಗುಡಾರ ಕಿತ್ತು ಒಂಟೆಯ ಮೇಲೆ ಹೇರಿ ಮುಂದಿನ ನೀರಿಗೆ ಹೊರಡುವ ಜನ ಅವರು. ಗೋಣಿ ಹೇರಿದ ಎತ್ತಿನ ಹಿಂಡು ಹೊಡೆದುಕೊಂಡು ಮುಂದಿನ ಪೇಟೆಗೆ ಹೊರಡುತ್ತಿದ್ದವರು ಇವರು. ಇಬ್ಬರ ನಡುವೆ ಒಂದು ಸಮುದ್ರ, ಬೇರೆ ಭಾಷೆ, ಬೇರೆ ದೇವರು. ಹೆಣ್ಣಿನ ಮೈಮೇಲೆ ಬಂದಾಗ ಮಾತ್ರ ಒಂದೇ ಬೆಳ್ಳಿ.

ಒಂದೇ ಬೆಳ್ಳಿ ಎಂಬುದು ಬರಿಯ ಮಾತಿನ ಅಂದಕ್ಕೆ ಹೇಳಿದ್ದಲ್ಲ. ಬ್ರಿಟಿಷರ ಕಾಲದ ರಾಣಿ ಛಾಪಿನ ರೂಪಾಯಿ ಒಂದು ತೊಲ ತೂಗುತ್ತಿತ್ತು, ಅಂದರೆ 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಸರಕಾರ ಅದನ್ನು ಅರ್ಧಕ್ಕೆ ಇಳಿಸಿತು, 1947ರ ಹೊತ್ತಿಗೆ ನಿಕ್ಕಲ್ ಬಂತು. ಹಳೆಯ ರೂಪಾಯಿಗೆ ಕೊಂಡಿ ಬೆಸೆದರೆ ಸಾಕು, ಪತ್ತಾರನ ಶುದ್ಧತೆಯ ಬಗ್ಗೆ ಯಾರೂ ಸಾಕ್ಷಿ ಹೇಳಬೇಕಿರಲಿಲ್ಲ, ಸ್ವತಃ ಮಹಾರಾಣಿಯೇ ಕೊರಳಿನಲ್ಲಿ ಕೂತು ಜಾಮೀನು ಕೊಡುತ್ತಿದ್ದಳು. ಇದೇ ರೂಪಾಯಿ ಕೊಲ್ಲಿ ನಾಡುಗಳಲ್ಲೂ ಓಡುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅಲ್ಲಿ ನಮ್ಮದೇ ಹಣ. 1959ರಲ್ಲಿ ರಿಸರ್ವ್ ಬ್ಯಾಂಕ್ ಆ ನಾಡುಗಳಿಗೆಂದೇ ಬೇರೆ ನೋಟು ಅಚ್ಚು ಹಾಕಿತು. ಆ ನಾಡುಗಳು ಒಂದೊಂದಾಗಿ ತಮ್ಮ ಹಣ ಮಾಡಿಕೊಂಡು ಬೇರೆಯಾದವು, ಕಟ್ಟಕಡೆಗೆ ಒಮಾನ್ 1970ರಲ್ಲಿ ನಮ್ಮ ರೂಪಾಯಿ ಬಿಟ್ಟಿತು. ಅರಬಸ್ಥಾನದ ಒಡವೆಗಳಲ್ಲಿ ಇನ್ನೊಬ್ಬ ರಾಣಿಯೂ ಇದ್ದಾಳೆ, ಆಸ್ಟ್ರಿಯಾದ ಮರಿಯಾ ಥೆರೇಸಾ. ಆಕೆ ತೀರಿಕೊಂಡದ್ದು 1780ರಲ್ಲಿ. ಮರುಭೂಮಿಯ ಜನ ಆ ನಾಣ್ಯವನ್ನೇ ನಂಬುತ್ತಿದ್ದರಾದ್ದರಿಂದ ಆಮೇಲಿನ ನೂರಾರು ವರ್ಷವೂ ಅದೇ ಮುಖ, ಅದೇ 1780 ಎಂಬ ಇಸವಿ ಹಾಕಿ ಟಂಕಿಸುತ್ತ ಬಂದರು. 28 ಗ್ರಾಮಿನ ಆ ಬಿಲ್ಲೆಯನ್ನು 1940–41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯೂ ಮಾಡಿ ಕಳಿಸಿತು. ಹೀಗೆ ಇಬ್ಬರು ಮಹಾರಾಣಿಯರು, ತಾವು ಎಂದೂ ಕಾಲಿಡದ ನೆಲದ ಕಟ್ಟಿಗೆ ಹೊರುವವರ ಮತ್ತು ಒಂಟೆ ಕಾಯುವವರ ಎದೆಯ ಮೇಲೆ ತಮ್ಮ ನಿಜವಾದ ಸಿಂಹಾಸನ ಕಂಡುಕೊಂಡರು.

ಈಗ ನೀವು ಕೇಳಬಹುದು, ಇಷ್ಟು ಭಾರ ಹೊತ್ತು ತಿರುಗುವುದು ಯಾಕೆ, ಪೆಟ್ಟಿಗೆಯಲ್ಲಿ ಇಡಬಾರದೇ ಎಂದು. ನಾನೂ ಚಿಕ್ಕವನಿದ್ದಾಗ ಅಜ್ಜಿಯನ್ನು ಇದೇ ಕೇಳಿದ್ದೆ. ಅಜ್ಜಿ, "ಪೆಟಗಿ ಇಡಾಕ ಮನಿ ಬೇಕಲ್ಲೋ ತಮ್ಮಾ" ಅಂದಳು. ಆ ಒಂದು ಮಾತಿಗೆ ಚರಿತ್ರೆಯ ಪುಸ್ತಕಗಳನ್ನೆಲ್ಲ ಅಡಿಟಿಪ್ಪಣಿಯಾಗಿ ಹಾಕಬಹುದು. ಲಂಬಾಣಿಗರು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿ ದೇಶ ಸುತ್ತಿದ ವರ್ತಕರು. ಮೊಗಲರ ಸೈನ್ಯ ದಖ್ಖಣಕ್ಕೆ ಇಳಿದಾಗ ಅದರ ಹೊಟ್ಟೆ ತುಂಬಿಸಿದವರು ಇವರು. 1791–92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ದಂಡೆತ್ತಿ ಬಂದಾಗ ಧಾನ್ಯ ತಂದವರೂ ಇವರು. ಮುಂದೆ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗಲೂ ಇವರ ಎತ್ತಿಗೇ ಕಾದು ಕೂತಿದ್ದ. ಯಾರ ಯುದ್ಧವನ್ನೂ ಇವರು ಮಾಡಲಿಲ್ಲ, ಎಲ್ಲರ ಯುದ್ಧಕ್ಕೂ ಜೋಳ ಹೊತ್ತರು. 1880ರ ದಶಕದಲ್ಲಿ ನಮ್ಮ ಗದಗಿಗೆ ರೈಲು ಬಂತು. ದೇಶದ ತುಂಬ ಹಳಿ ಹಾಸಿದಂತೆಲ್ಲ ಎತ್ತಿನ ಬೆನ್ನು ಬರಿದಾಯಿತು. ಸಾಲದ್ದಕ್ಕೆ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದು, ಅಲೆಯುವುದನ್ನೇ ಅನುಮಾನಿಸುವ ಸರಕಾರ ಹಲವು ಕಡೆ ಇವರನ್ನೂ ಆ ಪಟ್ಟಿಗೆ ಸೇರಿಸಿತು. ಆ ಕಾಯ್ದೆ ರದ್ದಾಗಲು 1952 ಬರಬೇಕಾಯಿತು. ನಿಂತಲ್ಲಿ ನಿಲ್ಲುವ ಹಾಗಿಲ್ಲ, ನಿಂತರೆ ಭೂಮಿಯ ಪಟ್ಟೆಯಿಲ್ಲ, ಬ್ಯಾಂಕು ಕೇಳುವ ವಿಳಾಸವಿಲ್ಲ. ಹಾಗಿರುವಾಗ ಆಸ್ತಿ ಎಂಬುದು ಇರಬೇಕಾದರೆ ಮೈಮೇಲೆಯೇ ಇರಬೇಕು, ಮಲಗಿದಾಗಲೂ ಅದರ ಸಪ್ಪಳ ಕಿವಿಗೆ ಬೀಳುತ್ತಿರಬೇಕು.

ಇಲ್ಲಿ ನನಗೆ ವಿಜ್ಞಾನೇಶ್ವರ ನೆನಪಾಗುತ್ತಾನೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ ನಮ್ಮ ಗದಗ ಲಕ್ಕುಂಡಿಗಳೂ ಅದೇ ಅರಸನ ಕೊಡೆಯ ಕೆಳಗೆ ಇದ್ದಾಗ, ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ಕನ್ನಡ ನೆಲದ ಪಂಡಿತ ಅವನು. ಸ್ತ್ರೀಧನವೆಂದರೆ ಏನು ಎಂಬ ಪ್ರಶ್ನೆ ಬಂದಾಗ ಉಳಿದ ಶಾಸ್ತ್ರಕಾರರು ಅದನ್ನು ಚಿಕ್ಕದು ಮಾಡುತ್ತ ಹೋದರೆ, ಅವನು ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಿಂದ ಸಿಕ್ಕದ್ದು ಎಲ್ಲವನ್ನೂ ಅದರಲ್ಲಿ ಸೇರಿಸಿ ಹಿಗ್ಗಿಸಿದ. ನಮ್ಮ ಸುಪ್ರೀಂ ಕೋರ್ಟು 1985ರಲ್ಲಿ ಸ್ತ್ರೀಧನ ಹೆಣ್ಣಿನ ಸ್ವಂತದ್ದು, ಗಂಡ ಅದನ್ನು ಇಟ್ಟುಕೊಂಡು ನುಂಗುವಂತಿಲ್ಲ ಎಂದು ಸಾರಿತು. ಬೆದೂಯಿನ್ ಹೆಣ್ಣಿಗೂ ಮದುವೆಯ ಮೆಹರ್ ಆಕೆಯದೇ. ಅದರ ಹಣದಲ್ಲಿ ಕೊಂಡ ಬೆಳ್ಳಿಯೂ ಆಕೆಯದೇ. ಲಂಬಾಣಿಗರಲ್ಲಿ ಹಿಂದೆ ಗಂಡಿನವರು ಹೆಣ್ಣಿನ ತಂದೆಗೆ ತೆರ ಕೊಡುತ್ತಿದ್ದರು, ಅದು ಹೆಣ್ಣಿನ ಕೈಗೆ ಬರುತ್ತಿರಲಿಲ್ಲ; ತಾಯಿ ಕೊಟ್ಟ ಬೆಳ್ಳಿ ಮಾತ್ರ ಅವಳ ಜೊತೆ ಹೋಗುತ್ತಿತ್ತು. ಹೋಗುವಾಗ ಅವಳು ಎತ್ತಿನ ಮೇಲೆ ನಿಂತು, ಎರಡೂ ಕೈ ಎತ್ತಿ, ತವರನ್ನು ನೆನೆದು ಢಾವಲೋ ಎಂಬ ಅಳುವಿನ ಹಾಡು ಹಾಡಬೇಕು. ಆ ಹಾಡನ್ನು ಅವಳ ಮೈಮೇಲಿನ ಬೆಳ್ಳಿಯೂ ಅವಳ ಜೊತೆ ಹಾಡುತ್ತಿತ್ತು. ಮಿತಾಕ್ಷರೆಯ ಸಂಸ್ಕೃತ ತಾಂಡಾವನ್ನು ಎಂದೂ ತಲುಪಲಿಲ್ಲ. ಅದರ ಸಾರ ಮಾತ್ರ ಅಲ್ಲಿನ ಪ್ರತಿ ಹೆಣ್ಣಿನ ಕಾಲಿನಲ್ಲಿ ಝಣಗುಡುತ್ತಿತ್ತು.

ಅದನ್ನು ನಾನು ಕಣ್ಣಾರೆ ಕಂಡದ್ದು 1972ರ ಬರದಲ್ಲಿ. ಎರೆಹೊಲ ಕೈ ಹೋಗುವಷ್ಟು ಬಿರುಕು ಬಿಟ್ಟಿತ್ತು, ಕಣಜದಲ್ಲಿ ಜೋಳದ ಬದಲು ಕತ್ತಲೆ ಇತ್ತು. ನಮ್ಮ ಮನೆಗೆ ಕಟ್ಟಿಗೆ ಹಾಕುತ್ತಿದ್ದ ತಾಂಡಾದ ಬಾಯಿ ಒಂದು ಮುಂಜಾನೆ ಹೊರೆ ಇಲ್ಲದೆ ಬಂದು, ಕಟ್ಟೆಯ ಮೇಲೆ ಕೂತು, ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ, "ಅವ್ವಾ, ಪ್ಯಾಟಿಗೆ ನನ್ನ ಸಂಗಾಟ ಬರ್ತೀರೇನು? ನಾ ಒಬ್ಬಾಕಿ ಹೋದ್ರ ತಕ್ಕಡಿ ಒಂದ ಕಡಿ ವಾಲತೈತಿ" ಅಂದಳು. ಅಜ್ಜಿ ಸೀರೆ ಬದಲಿಸಿದಳು. ನಾನು ಕೇಳದೆಯೇ ಹಿಂದೆ ಹೊರಟೆ. ಗದಗಿನ ಬೆಳ್ಳಿ ಅಂಗಡಿಯೊಂದರ ಬಿಳಿಗಾದಿಯ ಮುಂದೆ ನಾವು ಮೂವರೂ ಕೂತೆವು. ಬಾಯಿ ಮೊದಲು ಕಾಲಿನದನ್ನು ಬಿಚ್ಚಿದಳು. ವರ್ಷಗಟ್ಟಲೆ ಬಿಚ್ಚದಿದ್ದುದರಿಂದ ಅದು ಸುಲಭಕ್ಕೆ ಬರಲಿಲ್ಲ, ಎಣ್ಣೆ ತರಿಸಿ ಸವರಬೇಕಾಯಿತು. ಬಿಚ್ಚಿದ ಜಾಗದಲ್ಲಿ ಕಾಲು ಉಳಿದ ಮೈಗಿಂತ ಬೆಳ್ಳಗಿತ್ತು.

ಅಂಗಡಿಯವರು ತೂಗಿದರು. ಟೊಳ್ಳಿನೊಳಗಿನ ಅರಗು ಇಷ್ಟು ಎಂದು ಕಳೆದರು, ಬೆಸುಗೆ ಇಷ್ಟು ಎಂದು ಕಳೆದರು, ಸವೆದದ್ದಂತೂ ತೂಕದಲ್ಲಿ ತಾನೇ ಕಳೆದಿತ್ತು. ಅದರ ಮೇಲಿನ ಸಣ್ಣ ಸಣ್ಣ ಹೂವಿನ ಕೆಲಸ, ತುದಿಯ ಗುಂಡು, ಕೊಂಡಿಗೆ ಕೊಂಡಿ ಸಿಕ್ಕಿಸಿದ ಜಾಣ್ಮೆ, ಯಾವನೋ ಪತ್ತಾರ ಕುಲುಮೆಯ ಮುಂದೆ ಕೂತು ಊದುಗೊಳವೆ ಊದಿದ ಉಸಿರು, ಇದಕ್ಕೆಲ್ಲ ಎಷ್ಟು ಎಂದು ಅಜ್ಜಿ ಕೇಳಿದಳು. "ಮಜೂರಿ ಕೊಡೂಮುಂದ ಐತಿ ತಾಯಿ, ತಗೊಳ್ಳೂಮುಂದ ಇಲ್ಲ" ಎಂಬ ಉತ್ತರ ಬಂತು. ಅಜ್ಜಿ ಬಾಯಿಯ ಕಿವಿಯಲ್ಲಿ, "ತಲಿದು ಹಗುರ ಐತಿ, ಅದನ್ನ ಕೊಡು, ಕಾಲಿಂದು ಭಾರದ್ದು, ಮುಂದಕ್ಕ ಇರಲಿ" ಎಂದು ಲೆಕ್ಕ ಹೇಳಿದಳು. ಲೆಕ್ಕ ಸರಿಯಾಗಿಯೇ ಇತ್ತು. ಬಾಯಿ ತಲೆ ಅಲ್ಲಾಡಿಸಿದಳು, ಘುಗ್ರಿ ಎರಡೂ ಕೆನ್ನೆಗೆ ಬಡಿದವು. "ಹಂಗಲ್ಲವ್ವಾ. ಕಾಲಿಂದು ಮೊದಲ, ಕೊರಳಿಂದು ಆಮ್ಯಾಲ, ತಲಿದು ಕಡೀಕ. ಆತ ಇರೂತನಕ ತಲಿದು ಮುಟ್ಟಂಗಿಲ್ಲ." ಮಾರುವುದು ಯಾವುದು, ಇಡುವುದು ಯಾವುದು, ಯಾವುದರ ನಂತರ ಯಾವುದು ಎಂಬ ಇಡೀ ಅರ್ಥಶಾಸ್ತ್ರ ಅವಳ ಮೈಮೇಲೆ ಪಾದದಿಂದ ಶಿರದವರೆಗೆ ಬರೆದಿತ್ತು, ಗಂಡನನ್ನಾಗಲಿ ತಾಂಡಾದ ನಾಯಕನನ್ನಾಗಲಿ ಕೇಳದೆ ಅವಳೇ ಅದನ್ನು ಓದಿಕೊಂಡಳು. ಆ ಹಣದಲ್ಲಿ ಜೋಳ ಬಂತು, ಎತ್ತಿಗೆ ಕಣಿಕೆ ಬಂತು, ಮಕ್ಕಳು ಬರ ದಾಟಿದರು.

ಮಳೆ ಬಂದ ಮೇಲೆ ಅವಳ ಕಾಲು ಮತ್ತೆ ತುಂಬಿತು. ಈ ಸಲ ಅದು ಜರ್ಮನ್ ಸಿಲ್ವರ್. ತಾಮ್ರ, ನಿಕ್ಕಲ್, ಸತು ಕೂಡಿಸಿ ಮಾಡುವ ಆ ಲೋಹದಲ್ಲಿ ಬೆಳ್ಳಿಯ ಒಂದು ಕಣವೂ ಇರುವುದಿಲ್ಲ. ಕಣ್ಣಿಗೆ ಏನೂ ವ್ಯತ್ಯಾಸವಿರಲಿಲ್ಲ. ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಓಣಿಯ ತಿರುವಿನಿಂದಲೇ ಗೊತ್ತಾಗುತ್ತಿತ್ತು, ಸಪ್ಪಳ ಒಣಗಿತ್ತು.

ಬಿಳಿ ಬಳೆಯ ಕಥೆ ಬೇರೆ. ಅದು ಮೂಲತಃ ಆನೆಯ ದಂತದ್ದು. ದಂತ ದುಬಾರಿಯಾದಂತೆ ಎಲುಬು, ಕೊಂಬಿನ ಬಳೆ ಬಂದವು. 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು, ಮುಂದಿನ ತಿದ್ದುಪಡಿಗಳು 1991ರ ಹೊತ್ತಿಗೆ ದಂತದ ವ್ಯಾಪಾರವನ್ನು ಪೂರ್ತಿ ಮುಚ್ಚಿದವು. ಈಗ ತಾಂಡಾದ ಬಳೆ ಪ್ಲಾಸ್ಟಿಕ್‌ನದು. ಇದರಲ್ಲಿ ನನಗೆ ಎಳ್ಳಷ್ಟೂ ವಿಷಾದವಿಲ್ಲ. ಆನೆ ಬದುಕಿತು, ಬಳೆಯ ಸಾಲೂ ಉಳಿಯಿತು, ಇದಕ್ಕಿಂತ ಒಳ್ಳೆಯ ರಾಜಿ ಯಾವ ಪಂಚಾಯಿತಿಯೂ ಮಾಡಲಾರದು. ಹಳೆಯದೆಲ್ಲ ಇದ್ದಂತೆಯೇ ಇರಬೇಕೆಂದು ಹಟ ಹಿಡಿಯುವವರು ಆ ಪ್ಲಾಸ್ಟಿಕ್ ಬಳೆಯನ್ನು ಒಮ್ಮೆ ನೋಡಬೇಕು.

ಹಟದ ಮಾತು ಬಂತು. ಅದೇ ಬಾಯಿಯ ಮೊಮ್ಮಗಳು ಗದಗಿನ ಕಾಲೇಜಿಗೆ ಹೋಗುತ್ತಾಳೆ, ಬಿ.ಕಾಂ. ಒಮ್ಮೆ ನಮ್ಮ ಕಟ್ಟೆಯ ಮೇಲೆ ಬಸ್ಸಿಗೆ ಕಾಯುತ್ತ ಕೂತಾಗ ಅಜ್ಜಿಯ ಒಡವೆ ಏನಾದವೆಂದು ಕೇಳಿದೆ. "ತಲಿದು ಇನ್ನೂ ಐತಿ ಅಜ್ಜಾರ, ನಮ್ಮವ್ವನ ಪೆಟಗ್ಯಾಗ" ಅಂದಳು. ಹಬ್ಬಕ್ಕಾದರೂ ಹಾಕುತ್ತೀಯಾ ಎಂದೆ. "ತೀಜ್ ಹಬ್ಬಕ್ಕ ಹಾಕ್ಕೊಂತೀನ್ರಿ, ದೀಪಾವಳಿಗೆ ಮೇರಾ ಹಾಡಾಕ ಹೋಗೂಮುಂದ ಹಾಕ್ಕೊಂತೀನ್ರಿ. ದಿನಾ ಹಾಕ್ಕೋಳಾಕ ಆಗಂಗಿಲ್ಲ. ನಮ್ಮವ್ವ ಇದನ್ನ ಹಾಕ್ಕೊಂಡು ಬಸ್ ಹತ್ತಿದ್ರ ಎಲ್ಲಾರೂ ಹೊಳ್ಳಿ ಹೊಳ್ಳಿ ನೋಡ್ತಿದ್ರಂತ, ಕಂಡಕ್ಟರ್ ಹಿಂದ ಹೋಗು ಅಂತಿದ್ದನಂತ. ನಾ ಯಾಕ ಅನ್ನಿಸ್ಕೋಬೇಕು ಹೇಳ್ರಿ?" ನಾನು ಏನು ಹೇಳಲಿ? ಅವಳು ಹೇಳಿದ್ದು ಸರಿ. ಅವಳ ಮುತ್ತಜ್ಜಿಯಂದಿರಿಗೆ ಆ ಬೆಳ್ಳಿ ಬ್ಯಾಂಕಾಗಿತ್ತು. ಅವಳ ಹೆಸರಿನಲ್ಲಿ ಈಗ ನಿಜವಾದ ಬ್ಯಾಂಕಿನಲ್ಲಿ ಖಾತೆಯಿದೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸಾವಿರಾರು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು, ತಾಂಡಾಗಳು ಕಂದಾಯ ಗ್ರಾಮಗಳಾಗುತ್ತಿವೆ. ಪೆಟ್ಟಿಗೆ ಇಡಲು ಮನೆ ಬಂತು, ಒಡವೆ ಪೆಟ್ಟಿಗೆ ಸೇರಿತು. ಅಜ್ಜಿಯ ಮಾತಿಗೆ ಇದು ನ್ಯಾಯವಾದ ಉತ್ತರ.

ನನ್ನ ಕಾಳಜಿ ಪೆಟ್ಟಿಗೆಯಿಂದ ಹೊರಬಿದ್ದವುಗಳ ಬಗ್ಗೆ. ಮಳೆ ಕೈಕೊಟ್ಟಾಗ ನಮ್ಮ ಕಡೆಯ ತಾಂಡಾಗಳು ಗೋವಾಕ್ಕೆ ಗುಳೆ ಹೋಗುತ್ತವೆ, ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರಲ್ಲಿ ಎಷ್ಟೋ ಮಂದಿ ಅಂಜುನಾದಂಥ ಕಡಲದಂಡೆಯ ಸಂತೆಗಳಿಗೆ. ಅಲ್ಲಿ ಪರದೇಶಿ ಪ್ರವಾಸಿಗಳಿಗೆ ಕಸೂತಿ ಚೀಲ, ಕವಡೆ ಪಟ್ಟಿ ಮಾರುತ್ತ ಮಾರುತ್ತ, ಅಜ್ಜಿಯಂದಿರ ಬೆಳ್ಳಿಯೂ ಮಾರಿಹೋಯಿತು. ಒಮಾನಿನ ಮತ್ರಾ ಪೇಟೆಯಲ್ಲೂ ಹಾಗೆಯೇ, ತೈಲದ ಹಣ ಬಂದು ಹೊಸ ಮದುಮಗಳು ಚಿನ್ನ ಕೇಳತೊಡಗಿದ ಮೇಲೆ ಬೆದೂಯಿನ್ ಬೆಳ್ಳಿ ಅಂಗಡಿಯ ಕನ್ನಡಿಯೊಳಗೆ ಬಂದು ಕೂತಿತು. ಮಾರಿದವರ ಮೇಲೆ ನನಗೆ ದೂರಿಲ್ಲ, ಅದು ಅವರದೇ ಆಸ್ತಿ. ಕಷ್ಟಕ್ಕೆ ಆಗಲೆಂದೇ ತಾಯಂದಿರು ಕೊಟ್ಟದ್ದು. ಕೊಂಡವರ ಮನೆಯ ಗೋಡೆಯ ಮೇಲೆ ಅದು ಯಾವ ತಾಂಡಾದ್ದು, ಅದರ ಹೆಸರೇನು ಎಂಬ ಚೀಟಿಯೂ ಇಲ್ಲದೆ ನೇತಾಡುತ್ತದಲ್ಲ, ಅದು ನೋವು. ಇಲ್ಲಿಯೇ ಉಳಿದವು ಇನ್ನೂ ಬೇಗ ಹೋಗುತ್ತವೆ. ಕುಲುಮೆಗೆ ಬಿದ್ದ ಹಾಂಸ್ಲಿ ಸಂಜೆಯೊಳಗೆ ಗಟ್ಟಿಯಾಗಿ, ಮರುವಾರ ಯಾರದೋ ಮನೆಯ ಕುಂಕುಮದ ಬಟ್ಟಲಾಗುತ್ತದೆ.

ಕಸೂತಿಗೆ ಒಳ್ಳೆಯ ದಿನ ಬಂದಿವೆ. ತುಂಗಭದ್ರೆಯ ಆಚೆ ಸಂಡೂರಿನಲ್ಲಿ ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಸೂಜಿ ಹಿಡಿಸಿ ಸಂಬಳ ಕೊಟ್ಟಿತು, ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಭೆ ನಡೆದಾಗ ನಾನೂರೈವತ್ತಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಮಾಡಿತು. ಸೂಜಿಯ ಕೆಲಸಕ್ಕೆ ಕೂಲಿ ಕೊಡಬೇಕು ಎಂದು ಜಗತ್ತು ಒಪ್ಪಿದ ಮೇಲೆ ಸುತ್ತಿಗೆಯ ಕೆಲಸಕ್ಕೆ ಯಾಕೆ ಕೊಡಬಾರದು? ತೂಕ ನೋಡುವ ಕಣ್ಣು ನಮಗೆ ಹಳೆಯದು. ಇದೇ ಕಪ್ಪತ್ತಗುಡ್ಡದ ಕಬುಲಾಯತಕಟ್ಟಿಯ ಕಡೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಕಂಪನಿಯವರು ಚಿನ್ನಕ್ಕಾಗಿ ಗುಡ್ಡ ತೋಡಿದರು, ಗಿಟ್ಟಲಿಲ್ಲವೆಂದು ಬಿಟ್ಟುಹೋದರು; ಈಗಲೂ ಆಗಾಗ ಆ ಚಿನ್ನದ ಸುದ್ದಿ ಏಳುತ್ತದೆ, ಗುಡ್ಡದ ಔಷಧಿ ಗಿಡಗಳ ಪರವಾಗಿ ಜನ ಬೀದಿಗೆ ಬರಬೇಕಾಗುತ್ತದೆ. ಗುಡ್ಡದ ಒಳಗಿನದಕ್ಕೆ ಅಷ್ಟು ಲೆಕ್ಕ ಹಾಕಿದ ನಾವು, ಗುಡ್ಡದ ಸೆರಗಿನಲ್ಲಿ ನಡೆದಾಡಿದ ಬೆಳ್ಳಿಯ ಒಂದು ಪಟ್ಟಿಯನ್ನೂ ಮಾಡಲಿಲ್ಲ.

ಆ ಪಟ್ಟಿ ಮಾಡುವುದು ಕಷ್ಟದ ಕೆಲಸವಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ನಮ್ಮ ಮಗ್ಗುಲಿನ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಎರಡೂ ಕಡೆ ತಾಂಡಾದ ಮಕ್ಕಳೇ ಓದುತ್ತಾರೆ. ಒಂದು ಬೇಸಿಗೆ ರಜೆಯಲ್ಲಿ ಅವರು ತಮ್ಮ ತಮ್ಮ ಅಜ್ಜಿಯರ ಪೆಟ್ಟಿಗೆ ತೆರೆಸಿ, ಒಂದೊಂದರ ಚಿತ್ರ ತೆಗೆದು, ತಮ್ಮ ಮನೆಮಾತಾದ ಗೋರ್‌ಬೋಲಿಯಲ್ಲಿ ಅದರ ಹೆಸರು, ಯಾರು ಕೊಟ್ಟದ್ದು, ಯಾವ ಊರಿನ ಪತ್ತಾರ ಮಾಡಿದ್ದು, ಯಾವ ಬರದಲ್ಲಿ ಅದರ ಜೋಡಿ ಮಾರಿದ್ದು ಎಂದು ಬರೆದುಕೊಂಡರೆ, ಲಕ್ಕುಂಡಿಯ ಕಲ್ಲಿಗೆ ಇರುವಷ್ಟೇ ದೊಡ್ಡ ಚರಿತ್ರೆ ಕೈಗೆ ಬರುತ್ತದೆ. ಬೆಳ್ಳಿ ಅಂಗಡಿಯವರಲ್ಲಿಯೂ ಒಂದು ಮಾತು: ಹಳೆಯ ತಾಂಡಾ ಒಡವೆ ತಕ್ಕಡಿಗೆ ಬಂದಾಗ ಕರಗಿಸುವ ಮೊದಲು ಒಂದು ವಾರ ಇಡಿ, ಒಡವೆಯಾಗಿಯೇ ಕೊಳ್ಳುವವರಿದ್ದರೆ ಅವರಿಗೆ ಕೊಡಿ, ಮಜೂರಿ ಎಂದು ಬಂದ ಹೆಚ್ಚಿನ ಹಣದಲ್ಲಿ ತಂದವಳಿಗೂ ಪಾಲು ಕೊಡಿ. ವೇದಿಕೆ ಕಟ್ಟುವವರಲ್ಲಿಯೂ: ಮಂತ್ರಿಗಳು ಬಂದಾಗ ಸ್ವಾಗತಕ್ಕೆ ನಿಲ್ಲಿಸಲು ಮಾತ್ರ ಈ ಒಡವೆ ನೆನಪಾಗಬಾರದು; ನಿಲ್ಲಿಸಿದರೆ ಕುರ್ಚಿಯನ್ನೂ ಕೊಡಿ, ಕೈಗೆ ಮೈಕನ್ನೂ ಕೊಡಿ.

ಇನ್ನು ಇಷ್ಟು ಹೊತ್ತು ನನ್ನ ಜೊತೆ ಗದಗ, ಒಮಾನ್, ಕಲ್ಯಾಣ, ಗೋವಾ ಸುತ್ತಿದ ನಿಮಗೆ. ನಿಮ್ಮ ಊರಿನ ಹತ್ತಿರವೂ ಒಂದು ತಾಂಡಾ ಇರುತ್ತದೆ. ಘುಗ್ರಿ ಇನ್ನೂ ಬಿಚ್ಚದ ಒಬ್ಬ ಅಜ್ಜಿಯಾದರೂ ಅಲ್ಲಿ ಇದ್ದಾಳು. ಹೋಗಿ, ಪಕ್ಕದಲ್ಲಿ ಕೂತು, ಮೈಮೇಲಿನ ಒಂದೊಂದರ ಹೆಸರು ಕೇಳಿ ಬರೆದುಕೊಳ್ಳಿ. ಬೆಲೆ ಮಾತ್ರ ಕೇಳಬೇಡಿ.